ಸೊಂಟದ ಎಕ್ಸ್‌ರೇಗೆ ಮಂಪರು ಕೊಡಿಸಬೇಕೇ?

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯ ಗಂಡು ಲ್ಯಾಬ್ರಡಾರ್‌ಗೆ ಹದಿನಾಲ್ಕು ತಿಂಗಳು. ತೂಕ 38 ಕೆ.ಜಿ. ಇತ್ತೀಚೆಗೆ ಮಲಗಿ ಏಳುವಾಗ ತಿಣುಕುತ್ತಾನೆ. ಮೆಟ್ಟಿಲು ಹತ್ತುವಾಗ ಹಿಂಗಾಲೆರಡನ್ನೂ ಜೋಡಿಸಿ ಕುಪ್ಪಳಿಸುತ್ತಾನೆ. ನಮ್ಮ ಪಶುವೈದ್ಯರು ಸೊಂಟದ ಎಕ್ಸ್‌ರೇ ಬೇಕು, ಅದನ್ನು ಮಂಪರು ಇಂಜೆಕ್ಷನ್ ಕೊಟ್ಟೇ ತೆಗೆಯಬೇಕು ಎಂದಿದ್ದಾರೆ. ನಮ್ಮತ್ತೆ ಬೇಡವೇ ಬೇಡ ಎನ್ನುತ್ತಿದ್ದಾರೆ. ನಮ್ಮ ಬೀದಿಯ ನಾಯಿಯೊಂದು ಅಂಥ ಇಂಜೆಕ್ಷನ್ ಆದಮೇಲೆ ಏಳಲೇ ಇಲ್ಲವಂತೆ. ಇನ್ನೊಂದು ಕಡೆ ವಿಚಾರಿಸಿದರೆ, ‘ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳಿ, ಹಾಗೇ ತೆಗೆದುಕೊಡ್ತೀವಿ’ ಎಂದರು. ಏನು ಮಾಡಲಿ? ಪರಿಚಯದವರೊಬ್ಬರು ತಮ್ಮ ಹೆಣ್ಣು ಲ್ಯಾಬ್ ಜೊತೆ ಕ್ರಾಸ್ ಮಾಡಿಸೋಣ ಎಂದೂ ಕೇಳುತ್ತಿದ್ದಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮಂಪರು ಕೊಡಿಸಿಯೇ ತೆಗೆಸಿ. ನಾಲ್ಕು ಜನ ಹಿಡಿದು ತೆಗೆಯುವ ಎಕ್ಸ್‌ರೇಗೆ ಒಪ್ಪಬೇಡಿ. ನಿಮ್ಮ ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆ ಭಯಕ್ಕೆ ಉತ್ತರವಿರುವುದು ಮಂಪರನ್ನು ಬಿಡುವುದರಲ್ಲಿ ಅಲ್ಲ, ಅದನ್ನು ಜೋಪಾನವಾಗಿ ಕೊಡಿಸುವುದರಲ್ಲಿ.

ನೀವು ಹೇಳಿದ ಲಕ್ಷಣಗಳನ್ನು ಕೇಳಿದರೆ ಮೊದಲು ಅನುಮಾನ ಬರುವುದು ಹಿಪ್ ಡಿಸ್‌ಪ್ಲೇಸಿಯಾ ಮೇಲೆ. ತೊಡೆಮೂಳೆಯ ಗುಂಡುತಲೆ ಸೊಂಟದ ಮೂಳೆಯ ಗುಳಿಯಲ್ಲಿ ಸರಿಯಾಗಿ ಕೂರದೆ ಕೀಲು ಸಡಿಲವಾಗಿರುವ ತೊಂದರೆ ಇದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್‌ಗಳಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಹಾಗೆಂದು ಮಂಡಿಯ ಅಸ್ಥಿರಜ್ಜು ಹರಿದಿದ್ದರೂ, ಬೆನ್ನುಹುರಿಯ ತೊಂದರೆಯಿದ್ದರೂ ನಾಯಿ ಹೀಗೇ ನಡೆಯಬಹುದು. ಆದ್ದರಿಂದ ಊಹೆ ಸಾಲದು, ಎಕ್ಸ್‌ರೇ ಬೇಕೇ ಬೇಕು.

ಆ ಎಕ್ಸ್‌ರೇ ತೆಗೆಯುವ ಬಗೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಾಯಿಯನ್ನು ಅಂಗಾತ ಮಲಗಿಸಬೇಕು. ಹಿಂಗಾಲೆರಡನ್ನೂ ನೇರವಾಗಿ ಹಿಂದಕ್ಕೆ ಎಳೆದು, ಒಂದಕ್ಕೊಂದು ಸಮಾಂತರವಾಗಿ ಹಿಡಿದು, ಮಂಡಿಗಳನ್ನು ಒಳಮುಖವಾಗಿ ತಿರುಗಿಸಬೇಕು. ಸೊಂಟ ಕೂದಲೆಳೆಯಷ್ಟೂ ವಾಲಬಾರದು. ವಾಲಿದರೆ ಒಂದು ಕಡೆಯ ಗುಳಿ ಆಳವಾಗಿ, ಇನ್ನೊಂದು ಕಡೆಯದು ಆಳವಿಲ್ಲದಂತೆ ಕಾಣುತ್ತದೆ. ನೋಯುವ ಕೀಲನ್ನು ಎಚ್ಚರವಿರುವ ನಾಯಿ ಹೀಗೆ ಎಳೆಯಲು ಬಿಡುವುದಿಲ್ಲ. ಅದು ತೊಡೆಯನ್ನು ಬಿಗಿಹಿಡಿಯುತ್ತದೆ. ಬಿಗಿದ ಸ್ನಾಯು ಸಡಿಲ ಕೀಲನ್ನು ಗುಳಿಯೊಳಕ್ಕೆ ಎಳೆದುಕೊಂಡು ಕೂರಿಸುತ್ತದೆ. ಆಗ ಫಿಲ್ಮಿನಲ್ಲಿ ಎಲ್ಲವೂ ಸರಿಯಿರುವಂತೆ ಕಂಡು, ಇರುವ ರೋಗವೇ ಮುಚ್ಚಿಹೋಗಬಹುದು. ನಿಮ್ಮ ನಾಯಿ ನೋವೂ ತಿನ್ನುತ್ತದೆ, ನಿಮಗೆ ಉತ್ತರವೂ ಸಿಗುವುದಿಲ್ಲ.

ಮಂಪರಿನಿಂದ ಇನ್ನೊಂದು ಲಾಭವೂ ಇದೆ. ಸ್ನಾಯು ಸಡಿಲವಾಗಿದ್ದಾಗ ವೈದ್ಯರು ಕೈಯಿಂದಲೇ ಕೀಲನ್ನು ಪರೀಕ್ಷಿಸಬಹುದು. ತೊಡೆಯನ್ನು ಒತ್ತಿ ಹೊರಕ್ಕೆ ಸರಿಸುವಾಗ ಜಾರಿದ ಗುಂಡುತಲೆ ‘ಟಕ್’ ಎಂದು ಗುಳಿಗೆ ಮರಳುವುದು ಕೈಗೆ ಗೊತ್ತಾಗುತ್ತದೆ. ಇದನ್ನು ಓರ್ಟೊಲಾನಿ ಪರೀಕ್ಷೆ ಎನ್ನುತ್ತಾರೆ. ಎಚ್ಚರವಿರುವ ನಾಯಿಯಲ್ಲಿ ಇದನ್ನು ನಂಬುವಂತಿಲ್ಲ.

ಇನ್ನು ಹಿಡಿದುಕೊಳ್ಳುವ ಆ ನಾಲ್ಕು ಜನರ ಮಾತು. ನಾಯಿ ಅಲುಗಾಡಿದಷ್ಟೂ ಎಕ್ಸ್‌ರೇ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ, ಪ್ರತಿ ಸಲವೂ ಹಿಡಿದವರ ಮೈಗೆ ವಿಕಿರಣ ತಾಗುತ್ತದೆ. ಗರ್ಭಿಣಿಯರು, ಮಕ್ಕಳು ಆ ಕೋಣೆಯಲ್ಲಿ ನಿಲ್ಲಲೇಬಾರದು. ಉಳಿದವರೂ ಸೀಸದ ಏಪ್ರನ್ ಇಲ್ಲದೆ ನಿಲ್ಲಬಾರದು. ಮಂಪರಿನಲ್ಲಿರುವ ನಾಯಿಯನ್ನು ಮರಳಿನ ಚೀಲ, ಪಟ್ಟಿಗಳ ಆಸರೆಯಲ್ಲಿ ಮಲಗಿಸಿ ಎಲ್ಲರೂ ಹೊರಗೆ ಬರಬಹುದು.

ಅಮೆರಿಕದ ಓಎಫ್‌ಎ ಸಂಸ್ಥೆ ನಾಯಿಗಳ ಸೊಂಟಕ್ಕೆ ದರ್ಜೆ ಕೊಡುವಾಗ ಮಂಪರನ್ನು ಕಡ್ಡಾಯ ಮಾಡಿಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ನಿಜ. ಆದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪೆನ್‌ಹಿಪ್ ವಿಧಾನದಲ್ಲಿ ಕೀಲಿನ ಸಡಿಲವನ್ನೇ ಅಳೆಯುತ್ತಾರೆ. ಅಲ್ಲಿ ಗಾಢ ಮಂಪರು ಅಥವಾ ಪೂರ್ಣ ಅರಿವಳಿಕೆ ಇಲ್ಲದೆ ಎಕ್ಸ್‌ರೇ ತೆಗೆಯುವಂತೆಯೇ ಇಲ್ಲ.

ಈಗ ಅಪಾಯದ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ ಸುಮಾರು 98,000 ನಾಯಿಗಳನ್ನು ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮಂಪರು ಅಥವಾ ಅರಿವಳಿಕೆಯಿಂದ ಸತ್ತದ್ದು ಆರೋಗ್ಯವಂತ ನಾಯಿಗಳಲ್ಲಿ ಶೇ 0.05, ಅಂದರೆ ಎರಡು ಸಾವಿರಕ್ಕೆ ಒಂದರ ಆಸುಪಾಸು. ಕಾಯಿಲೆಯಿದ್ದ ನಾಯಿಗಳಲ್ಲಿ ಇದು ಶೇ 1.33. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ನಾಯಿ ಒಳಗೆ ಹುಷಾರಾಗಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ನಮ್ಮ ಕಡೆ ಉಣ್ಣಿಯಿಂದ ಬರುವ ಜ್ವರ ಸಾಮಾನ್ಯ. ಮೇಲ್ನೋಟಕ್ಕೆ ಚೆನ್ನಾಗಿ ಓಡಾಡಿಕೊಂಡಿರುವ ನಾಯಿಯಲ್ಲೂ ಪ್ಲೇಟ್‌ಲೆಟ್ ಇಳಿದಿರುತ್ತದೆ, ರಕ್ತಹೀನತೆ ಇರುತ್ತದೆ. ಆದ್ದರಿಂದ ರಕ್ತಪರೀಕ್ಷೆ ಬಿಡಬೇಡಿ. ಅದರಲ್ಲಿ ಏನಾದರೂ ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ, ಎಕ್ಸ್‌ರೇ ಮುಂದಕ್ಕೆ ಹೋಗಲಿ.

ವೈದ್ಯರನ್ನು ಇಷ್ಟು ಕೇಳಿ. ಸಂಕೋಚ ಬೇಡ, ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ:

1. ಹೃದಯದ ಬಡಿತ ಕೇಳಿ ನೋಡಿದಿರಾ? ಲಿವರ್, ಕಿಡ್ನಿ ಪರೀಕ್ಷೆ ಆಗಿದೆಯೇ?
2. ಇವತ್ತಿನ ತೂಕ ನೋಡಿಯೇ ಡೋಸ್ ಲೆಕ್ಕ ಹಾಕುತ್ತೀರಾ?
3. ಕಾಲಿನ ನರಕ್ಕೆ ಮೊದಲೇ ಸೂಜಿ ಹಾಕಿಡುತ್ತೀರಾ? ಆಕ್ಸಿಜನ್ ಹತ್ತಿರವಿದೆಯೇ?
4. ಔಷಧದ ಪರಿಣಾಮ ಇಳಿಸುವ ಮದ್ದು ಇದೆಯೇ? (ಕ್ಸೈಲಜೀನ್‌ಗೆ ಯೋಹಿಂಬಿನ್, ಡೆಕ್ಸ್‌ಮೆಡಿಟೊಮಿಡಿನ್‌ಗೆ ಅಟಿಪಮೆಜೋಲ್ ಇವೆ.)
5. ಅವನು ಎಚ್ಚರಗೊಳ್ಳುವವರೆಗೆ ಉಸಿರು, ನಾಡಿ ನೋಡಲು ಒಬ್ಬರು ಪಕ್ಕದಲ್ಲೇ ಇರುತ್ತಾರೆಯೇ?

ಇವಕ್ಕೆ ತೃಪ್ತಿಕರ ಉತ್ತರ ಸಿಗದಿದ್ದರೆ ಜಾಗ ಬದಲಿಸಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಲ್ಲ, ಫೋನ್ ಮಾಡಿ ವಿಚಾರಿಸಿ. ಈ ಅಂಕಣ ಓದುವ ಮುಧೋಳ ನಾಯಿ ಸಾಕಿದವರಿಗೂ ಒಂದು ಮಾತು: ಮೈಯಲ್ಲಿ ಕೊಬ್ಬು ಕಡಿಮೆಯಿರುವ ಬೇಟೆತಳಿಗಳು ಥಯೋಪೆಂಟಾಲ್‌ನಂಥ ಔಷಧಗಳಿಂದ ಬಹಳ ನಿಧಾನಕ್ಕೆ ಎಚ್ಚರಗೊಳ್ಳುತ್ತವೆ, ತಳಿಯನ್ನು ತಪ್ಪದೆ ಹೇಳಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟದ ಮೇಲೆ ಹೆಚ್ಚಿನ ನಿಗಾ ಬೇಕು.

ಎಕ್ಸ್‌ರೇಯ ಹಿಂದಿನ ರಾತ್ರಿ ಊಟ ಹಾಕಿದ ಮೇಲೆ ಬೆಳಿಗ್ಗೆ ಏನೂ ತಿನ್ನಿಸಬೇಡಿ, ಬಿಸ್ಕತ್ತು ಕೂಡ. ನೀರನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಮಂಪರಿನಲ್ಲಿ ಕಣ್ಣು ಅರೆತೆರೆದೇ ಇರುತ್ತದೆ, ಒಳಗಿನ ಬಿಳಿಪೊರೆ ಮೇಲೆ ಬಂದಿರುತ್ತದೆ. ಕೆಲವೊಮ್ಮೆ ವಾಂತಿಯಾಗುತ್ತದೆ, ಮೈ ನಡುಗುತ್ತದೆ. ಇದನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನೋಡಿ ಗಾಬರಿಯಾದಾರು. ಮನೆಗೆ ಬಂದ ಮೇಲೆ ನೆಲದ ಮೇಲೆ ದಪ್ಪ ಕಂಬಳಿ ಹಾಸಿ ಬೆಚ್ಚಗೆ ಮಲಗಿಸಿ. ಮೆಟ್ಟಿಲು, ಸೋಫಾ ಬೇಡ. ತೂರಾಡದೆ ನಿಲ್ಲುವವರೆಗೆ ಊಟ ಬೇಡ. ಒಸಡು ಬಿಳಿಚಿದರೆ ಅಥವಾ ಉಸಿರು ಕಟ್ಟುವಂತೆ ಕಂಡರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ.

ಎಕ್ಸ್‌ರೇ ಆಗುವವರೆಗೆ ಎರಡು ಕೆಲಸ ಮಾಡಿ. ಈ ವಯಸ್ಸಿನ ಗಂಡು ಲ್ಯಾಬ್‌ಗೆ 38 ಕೆ.ಜಿ. ಹೆಚ್ಚೇ, ಅಳತೆ ನೋಡಿ ಊಟ ಹಾಕಿ. ಟೈಲ್ಸ್ ನೆಲದಲ್ಲಿ ಅವನು ಓಡಾಡುವ ದಾರಿಗೆ ನಾರಿನ ಮ್ಯಾಟ್ ಹಾಸಿ. ನೋವೆಂದು ನಿಮ್ಮ ಮನೆಯ ಪ್ಯಾರಸಿಟಮಾಲ್, ಐಬುಪ್ರೊಫೇನ್ ಮಾತ್ರೆ ಮಾತ್ರ ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು.

ಕ್ರಾಸ್ ಮಾಡಿಸುವ ಮಾತಿಗೆ ಈಗ ಖಂಡಿತವಾಗಿ ಇಲ್ಲ ಎನ್ನಿ. ಈ ತೊಂದರೆ ವಂಶವಾಹಿಯಾಗಿ ಬರುತ್ತದೆ. ಓಎಫ್‌ಎ ಕೂಡ ಅಂತಿಮ ದರ್ಜೆ ಕೊಡುವುದು 24 ತಿಂಗಳು ತುಂಬಿದ ಮೇಲೆಯೇ. ಎಕ್ಸ್‌ರೇಯಲ್ಲಿ ರೋಗ ಖಚಿತವಾದರೆ ಅವನಿಂದ ಮರಿ ಮಾಡಿಸುವ ಯೋಚನೆಯನ್ನೇ ಬಿಟ್ಟುಬಿಡಿ, ಹುಟ್ಟುವ ಮರಿಗಳಿಗೆ ಈ ನೋವು ದಾಟುವುದು ಬೇಡ.

ನಿಮ್ಮ ಪಶುವೈದ್ಯರು ಸರಿಯಾದ ಮಾತನ್ನೇ ಹೇಳಿದ್ದಾರೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಐದು ಪ್ರಶ್ನೆಗಳನ್ನು ಅವರ ಎದುರಿಗೇ ಕೇಳಿ, ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಸಡಿಲ ಕೀಲು ತಡಮಾಡಿದಷ್ಟೂ ಸವೆಯುತ್ತದೆ.