ಕವಾಟ ಬದಲಾದ ಮೇಲೆ ಹೃದಯದ ಚೇತರಿಕೆ

ಹೃದಯದ ಕವಾಟವನ್ನು ಬದಲಾಯಿಸಿಕೊಂಡು ಮನೆಗೆ ಮರಳಿದವರು ಕೆಲವೇ ವಾರಗಳಲ್ಲಿ, "ಈಗ ಏದುಸಿರಿಲ್ಲ, ಮೆಟ್ಟಿಲು ಹತ್ತಬಲ್ಲೆ, ಇನ್ನು ಆಸ್ಪತ್ರೆಯ ಅಲೆದಾಟವೇಕೆ?" ಎನ್ನುವುದುಂಟು. ಈ ಸಂತೋಷ ಸಹಜವಾದುದೇ. ಆದರೆ ಕವಾಟ ಬದಲಾಗುವುದು ಕೆಲವು ಗಂಟೆಗಳಲ್ಲಿ. ವರ್ಷಗಟ್ಟಲೆ ಅತಿಯಾಗಿ ದುಡಿದು ಬಳಲಿದ ಹೃದಯದ ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಬೇಕಾಗುತ್ತವೆ. ಮೈಗೆ ಹಗುರವೆನಿಸಿದ ಮಾತ್ರಕ್ಕೆ ಆ ಚೇತರಿಕೆ ಪೂರ್ಣಗೊಂಡಿತೆಂದು ತಿಳಿಯಲಾಗದು. ಅದನ್ನು ಅಳೆದು ತೋರಿಸುವ ಸಾಧನಗಳಲ್ಲಿ ಮುಖ್ಯವಾದುದು ಎಕೋ ಪರೀಕ್ಷೆ.

ಹೃದಯದ ಎಡ ಕೆಳಕೋಣೆಯಿಂದ ಮಹಾಪಧಮನಿಗೆ ರಕ್ತ ಹೊರಡುವ ದ್ವಾರದಲ್ಲಿ ಮೂರು ಎಸಳುಗಳ ಕವಾಟವೊಂದಿದೆ. ವೈದ್ಯರು ಇದನ್ನು ಅಯೋರ್ಟಿಕ್ ವಾಲ್ವ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಈ ದ್ವಾರ 3ರಿಂದ 4 ಚದರ ಸೆಂಟಿಮೀಟರಿನಷ್ಟು ತೆರೆಯುತ್ತದೆ. ವಯಸ್ಸಾದಂತೆ ಕ್ಯಾಲ್ಸಿಯಂ ಸೇರಿ ಎಸಳುಗಳು ಗಡುಸಾಗುವುದರಿಂದ, ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ, ಅಥವಾ ಹುಟ್ಟಿನಿಂದಲೇ ಎರಡೇ ಎಸಳುಗಳಿರುವುದರಿಂದ ಅದು ಕಿರಿದಾಗಬಹುದು. ದ್ವಾರ 1 ಚದರ ಸೆಂಟಿಮೀಟರಿಗಿಂತ ಕಿರಿದಾದರೆ ತೊಂದರೆ ತೀವ್ರವಾಗಿದೆಯೆಂದು ಅರ್ಥ.

ದ್ವಾರ ಕಿರಿದಾದಷ್ಟೂ ಅದರ ಮೂಲಕ ರಕ್ತವನ್ನು ಹೊರದೂಡಲು ಹೃದಯ ಹೆಚ್ಚು ಒತ್ತಡ ಹಾಕಬೇಕಾಗುತ್ತದೆ. ಮಹಾಪಧಮನಿಯಲ್ಲಿ ರಕ್ತದೊತ್ತಡ 120 ಇದ್ದು, ಕವಾಟದ ಬಳಿ 60ರಷ್ಟು ಅಡೆತಡೆಯಿದ್ದರೆ, ಒಳಗಿನ ಕೋಣೆ ಪ್ರತಿ ಬಡಿತದಲ್ಲೂ ಸುಮಾರು 180ರ ಒತ್ತಡವನ್ನು ಉಂಟುಮಾಡಬೇಕಾಗುತ್ತದೆ. ಈ ಹೊರೆಗೆ ಹೃದಯದ ಗೋಡೆ ದಪ್ಪವಾಗುತ್ತದೆ. ಇದು ಗರಡಿಯಲ್ಲಿ ಬೆಳೆದ ತೋಳಿನ ಬಲವಲ್ಲ. ದಪ್ಪಗಾದ ಗೋಡೆ ಕ್ರಮೇಣ ಬಿಗಿಯಾಗಿ, ನಡುನಡುವೆ ನಾರಿನ ಅಂಶ ತುಂಬಿಕೊಳ್ಳುತ್ತದೆ.

ಶಬ್ದಾತೀತ ತರಂಗಗಳಿಂದ ಹೃದಯವನ್ನು ನೋಡುವ ವಿಧಾನವನ್ನು 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಜ್ ಆರಂಭಿಸಿದರು. ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ, ನೋವಿಲ್ಲ. ಕವಾಟ ಬದಲಾದವರ ಎಕೋ ವರದಿಯಲ್ಲಿ ವೈದ್ಯರು ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ.

ಮೊದಲನೆಯದು ಹೊಸ ಕವಾಟದ ಕೆಲಸ. ಕೃತಕ ಕವಾಟದಲ್ಲಿ ಅಲ್ಪಸ್ವಲ್ಪ ಅಡೆತಡೆ ಇರುವುದು ಸಹಜ. ಅದರ ಎರಡು ಬದಿಗಳ ಒತ್ತಡದ ಸರಾಸರಿ ಅಂತರ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಇರುತ್ತದೆ. ಕವಾಟದ ಅಂಚಿನಲ್ಲಿ ರಕ್ತ ಸೋರುತ್ತಿದೆಯೇ ಎಂಬುದನ್ನೂ ಇಲ್ಲಿ ನೋಡಲಾಗುತ್ತದೆ.

ಎರಡನೆಯದು ಹೃದಯದ ಹಿಂಡುವ ಶಕ್ತಿ. ವರದಿಯಲ್ಲಿ ಇದನ್ನು ಇ.ಎಫ್. ಎಂದು ಬರೆದಿರುತ್ತಾರೆ. ಕೋಣೆಯಲ್ಲಿ ತುಂಬಿದ 100 ಮಿಲಿಲೀಟರ್ ರಕ್ತದಲ್ಲಿ 60 ಮಿಲಿಲೀಟರ್ ಹೊರಹೋದರೆ ಇ.ಎಫ್. ಶೇಕಡಾ 60. ಆದರೆ ಗೋಡೆ ದಪ್ಪಗಾದ ಹೃದಯದಲ್ಲಿ ಈ ಅಂಕಿ ಚೆನ್ನಾಗಿದ್ದರೂ ಸ್ನಾಯು ಒಳಗೆ ದುರ್ಬಲವಾಗಿರಬಹುದು. ಆದ್ದರಿಂದ ಸ್ನಾಯುವಿನ ಎಳೆಗಳು ಉದ್ದುದ್ದ ಎಷ್ಟು ಕುಗ್ಗುತ್ತವೆ ಎಂಬುದನ್ನು ಅಳೆಯುವ ಸ್ಟ್ರೇನ್ ಎಂಬ ಸೂಕ್ಷ್ಮ ಪರೀಕ್ಷೆಯನ್ನೂ ಈಗ ಹಲವೆಡೆ ಮಾಡುತ್ತಾರೆ.

ಮೂರನೆಯದು ಗೋಡೆಯ ದಪ್ಪ. ಹೊರೆ ಇಳಿದ ಮೇಲೆ ಈ ದಪ್ಪ ನಿಧಾನವಾಗಿ ಕರಗುತ್ತದೆ. ಬಹುಪಾಲು ಮೊದಲ ವರ್ಷದಲ್ಲಿ, ಉಳಿದುದು ಮುಂದಿನ ವರ್ಷಗಳಲ್ಲಿ. ಅಧಿಕ ರಕ್ತದೊತ್ತಡವನ್ನು ಹತೋಟಿಯಲ್ಲಿಡದಿದ್ದರೆ ಹೊರೆ ಮತ್ತೊಂದು ದಾರಿಯಿಂದ ಮರಳಿ ಬರುತ್ತದೆ.

ಕೆಲವರಿಗೆ ಎಂ.ಆರ್.ಐ. ಪರೀಕ್ಷೆಯೂ ಬೇಕಾಗಬಹುದು. ಸ್ನಾಯುವಿನಲ್ಲಿ ಹರಡಿದ ನಾರಿನ ಅಂಶ ಕಾಲಾನಂತರ ಕಡಿಮೆಯಾಗಬಲ್ಲದು. ಗಾಯದ ಕಲೆಯಂತೆ ಗಟ್ಟಿಗೊಂಡ ಭಾಗ ಮಾತ್ರ ಹಾಗೆಯೇ ಉಳಿಯುತ್ತದೆ. ಇವೆರಡರ ವ್ಯತ್ಯಾಸವನ್ನು ಎಂ.ಆರ್.ಐ. ತೋರಿಸಬಲ್ಲದು. ಕವಾಟದ ಎಸಳಿನ ಮೇಲೆ ರಕ್ತ ಹೆಪ್ಪುಗಟ್ಟಿದೆಯೆಂಬ ಅನುಮಾನ ಬಂದಾಗ ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಬಹುಮುಖ್ಯ ಸಂಗತಿಯೆಂದರೆ ಮೊದಲ ವರದಿಯ ಬೆಲೆ. ಶಸ್ತ್ರಚಿಕಿತ್ಸೆಯಾದ ಮೊದಲ ಮೂರು ತಿಂಗಳೊಳಗೆ ಮಾಡಿಸುವ ಎಕೋ ಪರೀಕ್ಷೆ ಮುಂದಿನ ಎಲ್ಲ ಹೋಲಿಕೆಗೂ ಆಧಾರ. ಕವಾಟಗಳ ಬಗೆಯೂ ಅಳತೆಯೂ ಬೇರೆಬೇರೆಯಾಗಿರುವುದರಿಂದ, ನೆರೆಯವರ ಅಂಕಿಯೊಡನೆ ನಮ್ಮ ಅಂಕಿಯನ್ನು ಹೋಲಿಸುವುದು ಸಲ್ಲದು. ನಮ್ಮದನ್ನು ನಮ್ಮ ಹಿಂದಿನ ವರದಿಯೊಡನೆಯೇ ಹೋಲಿಸಬೇಕು. ಮೊದಲು 12 ಇದ್ದ ಒತ್ತಡದ ಅಂತರ ಕೆಲವು ವರ್ಷಗಳ ನಂತರ 26 ಆದರೆ, ಮೈಗೆ ಏನೂ ಅನಿಸದಿದ್ದರೂ ವೈದ್ಯರು ಕಾರಣ ಹುಡುಕುತ್ತಾರೆ. ಜ್ವರ ಅಥವಾ ರಕ್ತಹೀನತೆಯಿದ್ದರೂ ಈ ಅಂಕಿ ಏರಬಹುದು. ಆದ್ದರಿಂದ ಒಂದೇ ಅಂಕಿಯನ್ನು ಕಂಡು ಭಯಪಡಬೇಕಾಗಿಲ್ಲ. ಮೊದಲ ವರದಿಯೇ ಕೈಯಲ್ಲಿಲ್ಲದಿದ್ದರೆ, ಏರಿಕೆಯಾದುದೇ ತಿಳಿಯದೆ ಹೋಗುತ್ತದೆ.

ಆದಕಾರಣ ಎಲ್ಲ ವರದಿಗಳನ್ನೂ, ಕವಾಟದ ಹೆಸರು ಮತ್ತು ಅಳತೆ ಬರೆದಿರುವ ಕಾರ್ಡನ್ನೂ ಒಂದೇ ಕಡತದಲ್ಲಿ ಜೋಪಾನವಾಗಿಡಿ, ಎಂ.ಆರ್.ಐ.ಗೆ ಹೋಗುವ ಮುನ್ನ ಆ ಕಾರ್ಡನ್ನು ತಪ್ಪದೆ ತೋರಿಸಿ. ಲೋಹದ ಕವಾಟವಿರುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು, ಐ.ಎನ್.ಆರ್. ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಹಲ್ಲು ಕೀಳಿಸುವ ಮುನ್ನ ಕವಾಟ ಬದಲಾಗಿರುವುದನ್ನು ದಂತವೈದ್ಯರಿಗೆ ತಿಳಿಸಿ. ಬಿಡದೆ ಕಾಡುವ ಜ್ವರ, ಮರಳಿ ಬಂದ ಏದುಸಿರು, ಕಾಲಿನ ಊತ, ತಲೆಸುತ್ತಿ ಬೀಳುವುದು — ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ವೈದ್ಯರನ್ನು ಕಾಣಬೇಕು. ಮಾತು ತೊದಲಿದರೆ ಅಥವಾ ಕೈಕಾಲು ಸ್ವಾಧೀನ ತಪ್ಪಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಕವಾಟ ಬದಲಾದವರಲ್ಲಿ ಅನೇಕರು ತಮ್ಮ ಕಾಯಕಕ್ಕೆ ಮರಳಿ ನೆಮ್ಮದಿಯಿಂದ ಬಾಳುತ್ತಿದ್ದಾರೆ. ಹಗುರವೆನಿಸಿದ ದಿನವೂ ತಪಾಸಣೆಗೆ ಹೋಗಿಬರುವ ಶಿಸ್ತು ಆ ಬಾಳಿಗೆ ಕಾವಲು. ಚಿಕಿತ್ಸೆ ಮುಗಿದರೂ ಆರೈಕೆ ಮುಗಿಯುವುದಿಲ್ಲವೆಂಬ ಎಚ್ಚರ ಮನೆಮಂದಿಗೆಲ್ಲ ಇರಲಿ.