ಹಾಟ್ ಟಬ್ಬಿಗೆ ನೀರು ತುಂಬುವ ಮೊದಲು



ಟೆರೇಸಿನ ಮೇಲೋ ಹಿತ್ತಲಲ್ಲೋ ಕೂರಿಸುವ ಹಾಟ್ ಟಬ್ ಕಣ್ಣಿಗೆ ಸ್ನಾನದ ತೊಟ್ಟಿಯಂತೆ ಕಂಡರೂ ಕರೆಂಟಿನ ಲೆಕ್ಕದಲ್ಲಿ ಅದೊಂದು ಪುಟ್ಟ ಹಿಟ್ಟಿನ ಗಿರಣಿ. ನಾಲ್ಕು ಜನ ಕೂರುವ ಟಬ್ಬಿನಲ್ಲಿ 3 ಕಿಲೋವ್ಯಾಟ್ ಹೀಟರ್, ಒಂದೂವರೆ ಕಿಲೋವ್ಯಾಟಿನ ಎರಡು ಪಂಪು, ಮುಕ್ಕಾಲು ಕಿಲೋವ್ಯಾಟಿನ ಬ್ಲೋಯರ್ ಇವೆ ಎಂದಿಟ್ಟುಕೊಂಡರೆ ಒಟ್ಟು 6.75 ಕಿಲೋವ್ಯಾಟ್ ಆಯಿತು. 230 ವೋಲ್ಟಿನಲ್ಲಿ ಇದು ಸುಮಾರು 29 ಆಂಪಿಯರ್ ಎಳೆಯುತ್ತದೆ. ಗೀಸರಿಗೆಂದು ಹಾಕಿಸಿದ 16 ಆಂಪಿಯರ್ ಪಾಯಿಂಟಿನಿಂದ ಇದನ್ನು ನಡೆಸುವ ಯೋಚನೆಯನ್ನೇ ಬಿಡಬೇಕು.

ಎಷ್ಟು ಹೊತ್ತು ಎಳೆಯುತ್ತದೆ ಎಂಬುದೂ ಮುಖ್ಯ. 1,200 ಲೀಟರ್ ನೀರನ್ನು 22 ಡಿಗ್ರಿಯಿಂದ 38 ಡಿಗ್ರಿಗೆ ಏರಿಸಲು 22 ಯೂನಿಟ್‌ಗೂ ಹೆಚ್ಚು ಬೇಕು. 3 ಕಿಲೋವ್ಯಾಟ್ ಹೀಟರಿಗೆ ಅದು ಏಳೂವರೆ ಗಂಟೆಯ ಕೆಲಸ. ಸಂಜೆ ವೋಲ್ಟೇಜು 190ಕ್ಕೆ ಇಳಿದರೆ ಅದೇ ಹೀಟರ್ ಕೊಡುವುದು ಬರೀ 2 ಕಿಲೋವ್ಯಾಟ್, ಆಗ ಸಮಯ ಇನ್ನೂ ಉದ್ದವಾಗುತ್ತದೆ. ಹದಿನೈದು ನಿಮಿಷ ಓಡುವ ಗೀಸರಿನಲ್ಲಿ ಪತ್ತೆಯಾಗದ ಸಡಿಲ ಸ್ಕ್ರೂ ಇಲ್ಲಿ ಗಂಟೆಗಟ್ಟಲೆ ಕಾದು ಟರ್ಮಿನಲ್ಲನ್ನೇ ಕರಗಿಸುತ್ತದೆ. ಹಾಗಾಗಿ ಮೊದಲ ಕೆಲಸ ಅಂಗಡಿಯಲ್ಲಲ್ಲ, ಎಸ್ಕಾಂ ಕಚೇರಿಯಲ್ಲಿ: ಮಂಜೂರಾದ ಲೋಡು ಎಷ್ಟಿದೆ, ಹೆಚ್ಚಿಸಬೇಕೇ, ಮೂರು ಫೇಸ್ ತೆಗೆದುಕೊಳ್ಳುವುದು ವಾಸಿಯೇ ಎಂದು ನೋಡಿಕೊಳ್ಳಬೇಕು. ಮೂರು ಫೇಸ್ ಇದ್ದರೆ ಟಬ್ಬಿಗೆ ಒಂದನ್ನು ಬಿಟ್ಟು ಮನೆಯ ಉಳಿದ ಹೊರೆಯನ್ನು ಬೇರೆ ಎರಡರ ಮೇಲೆ ಹಂಚಬಹುದು. ಯುಪಿಎಸ್ ಲೈನಿಗೆ ಟಬ್ಬನ್ನು ಸೇರಿಸುವ ಮಾತೇ ಬೇಡ.

ಮೇನ್ ಬೋರ್ಡಿನಿಂದ ಟಬ್ಬಿನ ತನಕ ಪ್ರತ್ಯೇಕ ಕೇಬಲ್ ಬರಬೇಕು, ಮಧ್ಯದಲ್ಲಿ ಗಂಟು ಇರಬಾರದು. ತಾಮ್ರದ ತಂತಿ ಎಷ್ಟು ದಪ್ಪ ಎನ್ನುವುದನ್ನು ದೂರ ತೀರ್ಮಾನಿಸುತ್ತದೆ. ಟಬ್ಬು 30 ಮೀಟರ್ ದೂರದಲ್ಲಿದ್ದರೆ 4 ಚದರ ಮಿ.ಮೀ. ತಂತಿಯಲ್ಲಿ ಸುಮಾರು ಒಂಬತ್ತೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, 6 ಚದರ ಮಿ.ಮೀ. ಹಾಕಿದರೆ ಆರೂ ಚಿಲ್ಲರೆ. ಶೇ 3ರೊಳಗೆ ನಿಲ್ಲುವುದು ಎರಡನೆಯದು. ಅದಕ್ಕೆ 32 ಆಂಪಿಯರಿನ ಎಂಸಿಬಿ. ತಯಾರಕರ ಕೈಪಿಡಿ ಇದಕ್ಕಿಂತ ದಪ್ಪ ತಂತಿ ಕೇಳಿದರೆ ಕೈಪಿಡಿಯ ಮಾತೇ ನಡೆಯಬೇಕು. ಕೇಬಲ್ ಹಿತ್ತಲಿನ ಮಣ್ಣಿನಲ್ಲಿ ಹೋಗುವುದಾದರೆ ಆರ್ಮರ್ಡ್ ಕೇಬಲನ್ನೇ ಮುಕ್ಕಾಲು ಮೀಟರ್ ಆಳದಲ್ಲಿ ಹೂಳಬೇಕು. ಬೆಂಗಳೂರಿನ ಹೆಗ್ಗಣಗಳಿಗೆ ಪಿವಿಸಿ ಪೈಪು ಒಂದು ಅಡ್ಡಿಯೇ ಅಲ್ಲ.

ಇನ್ನು ಅರ್ಥಿಂಗ್. ಹೆಚ್ಚು ಹಣ ಉಳಿಸಲು ನೋಡುವುದೂ ಹೆಚ್ಚು ಅಪಾಯ ಅಡಗಿರುವುದೂ ಇಲ್ಲೇ. ‘ಎಂಸಿಬಿ ಇದೆಯಲ್ಲ ಸಾರ್, ಏನೂ ಆಗಲ್ಲ’ ಎಂಬ ಮಾತು ಸೈಟುಗಳಲ್ಲಿ ಸಾಮಾನ್ಯ. ಅದು ಎಷ್ಟು ಪೊಳ್ಳು ಎಂಬುದಕ್ಕೆ ಒಂದು ಲೆಕ್ಕ ಸಾಕು. ಹೀಟರ್ ಒಡೆದು ಫೇಸ್ ಟಬ್ಬಿನ ಲೋಹದ ಚೌಕಟ್ಟಿಗೆ ತಗುಲಿತು ಎನ್ನೋಣ. ಕರೆಂಟು ಮನೆಯ ಅರ್ಥ್ ಗುಂಡಿಯ ಮೂಲಕ ಮಣ್ಣಿಗಿಳಿದು ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ಆ ದಾರಿಯ ಒಟ್ಟು ರೋಧ 5 ಓಮ್ ಇದ್ದರೆ ಹರಿಯುವುದು 46 ಆಂಪಿಯರ್. ಸಿ ಬಗೆಯ 32 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ ಕನಿಷ್ಠ 160 ಆಂಪಿಯರ್ ಬೇಕು. 46 ಆಂಪಿಯರಿಗೆ ಅದು ಒಂದು ಗಂಟೆಯಾದರೂ ಬೀಳದೆ ಇರಬಹುದು. ಅಷ್ಟೂ ಹೊತ್ತು ಚೌಕಟ್ಟಿನಲ್ಲಿ ಕರೆಂಟು ಇರುತ್ತದೆ, ಟಬ್ಬಿನಲ್ಲಿ ಮಕ್ಕಳೂ ಇರಬಹುದು.

ಈ ಕೆಲಸ ಎಂಸಿಬಿಯದಲ್ಲ, ಆರ್‌ಸಿಸಿಬಿಯದು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೂ 0.3 ಸೆಕೆಂಡಿನೊಳಗೆ ಅದು ಲೈನು ಕಡಿಯಬೇಕು. ಒದ್ದೆ ಮೈಯ ರೋಧ ತೀರಾ ಕಡಿಮೆಯಾದ್ದರಿಂದ ಟಬ್ಬಿಗೆ 30 ಮಿಲಿಆಂಪಿಯರಿನದೇ ಬೇಕು. ಮೇನ್ ಬೋರ್ಡಿನಲ್ಲಿ ಬೆಂಕಿಯ ಭಯಕ್ಕೆಂದು ಹಾಕುವ 100 ಮಿಲಿಆಂಪಿಯರಿನದು ಜೀವ ಕಾಯುವುದಿಲ್ಲ. ಇತ್ತ ಆರ್‌ಸಿಸಿಬಿಗೆ ಓವರ್‌ಲೋಡು ತಿಳಿಯದು, ಹಾಗಾಗಿ ಎಂಸಿಬಿ ಜೊತೆಗಿರಲೇಬೇಕು. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವವರಿದ್ದಾರೆ. ಎಲ್ಲೋ ಸೋರಿಕೆಯಿದೆ ಎಂದು ಅದು ಹೇಳುತ್ತಿರುವಾಗ ಹುಡುಕಬೇಕಾದದ್ದು ಸೋರಿಕೆಯನ್ನು.

ಅರ್ಥ್ ಗುಂಡಿಯ ರೋಧ ಮಣ್ಣಿನ ತೇವಕ್ಕೆ ತಕ್ಕಂತೆ ಏರಿಳಿಯುತ್ತದೆ. ಆಗಸ್ಟಿನಲ್ಲಿ ಅಳೆದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಮಾರ್ಚ್–ಏಪ್ರಿಲ್‌ನ ಒಣ ನೆಲದಲ್ಲಿ ಅಳೆಸಬೇಕು. ಅರ್ಥಿಂಗ್ ಸರಿಯಿಲ್ಲದ ಕಡೆ ನ್ಯೂಟ್ರಲಿನಿಂದಲೇ ಒಂದು ಲೂಪ್ ಎಳೆದು ಟಬ್ಬಿನ ಚೌಕಟ್ಟಿಗೆ ಕೊಡುವ ಚಾಳಿ ಕೆಲವು ಕೆಲಸಗಾರರಿಗಿದೆ. ಯಾವತ್ತೋ ಗಾಳಿಮಳೆಗೆ ನ್ಯೂಟ್ರಲ್ ಕಡಿದರೆ ಆ ಲೂಪಿನ ಮೂಲಕವೇ ಇಡೀ ಟಬ್ಬಿಗೆ ಕರೆಂಟು ಬರುತ್ತದೆ. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು.

ಬಾಂಡಿಂಗ್ ಎಂಬುದು ನಮ್ಮ ಮನೆಗಳಲ್ಲಿ ಅಪರೂಪ. ಟಬ್ಬಿನ ಚೌಕಟ್ಟು, ಮೆಟ್ಟಿಲಿನ ಸ್ಟೀಲ್ ಕಂಬಿ, ಲೋಹದ ನೀರಿನ ಪೈಪು, ಕೆಳಗಿನ ಕಾಂಕ್ರೀಟಿನ ಸರಳು ಇವೆಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿ ಅರ್ಥಿಗೆ ಸೇರಿಸುವುದೇ ಅದು. ಕಾಲು ನೀರಿನಲ್ಲಿದ್ದು ಕೈ ಕಂಬಿ ಹಿಡಿದಾಗ ಎರಡರ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯದಂತೆ ಅದು ನೋಡಿಕೊಳ್ಳುತ್ತದೆ. ಸರಳಿನ ಜೋಡಣೆ ಕಾಂಕ್ರೀಟ್ ಹಾಕುವ ಮುಂಚೆಯೇ ಆಗಬೇಕು, ಆಮೇಲೆ ದಾರಿಯಿಲ್ಲ.

ದೂರದ ವಿಷಯದಲ್ಲಿ ಈಜುಕೊಳದ ನಿಯಮವನ್ನೇ ಹಿಡಿಯುವುದು ಕ್ಷೇಮ. ಐಇಸಿ 60364 ಮಾನದಂಡವು ಕೊಳದ ಅಂಚಿನಿಂದ 2 ಮೀಟರನ್ನು ಒಂದು ವಲಯವೆಂದೂ ಅದರಾಚೆಯ ಒಂದೂವರೆ ಮೀಟರನ್ನು ಇನ್ನೊಂದು ವಲಯವೆಂದೂ ಗುರುತಿಸುತ್ತದೆ. ಈ ಮೂರೂವರೆ ಮೀಟರಿನೊಳಗೆ ಪ್ಲಗ್ ಪಾಯಿಂಟು ಬೇಡ, ಫೋನ್ ಚಾರ್ಜಿಗೂ ಬೇಡ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಐಸೋಲೇಟರ್ ಸ್ವಿಚ್ಚು ಟಬ್ಬಿನಲ್ಲಿ ಕುಳಿತವರ ಕೈಗೆ ಎಟುಕಬಾರದು, ಆದರೆ ದುರಸ್ತಿಗೆ ಬಂದವನ ಕಣ್ಣಿಗೆ ಕಾಣುತ್ತಿರಬೇಕು. ನೀರಿನೊಳಗಿನ ದೀಪ 12 ವೋಲ್ಟಿನದಿರಲಿ, ಅದರ ಟ್ರಾನ್ಸ್‌ಫಾರ್ಮರ್ ವಲಯದ ಹೊರಗಿರಲಿ. ಬೀದಿ ಕಂಬದಿಂದ ಬರುವ ಸರ್ವಿಸ್ ವೈರು ಟಬ್ಬಿನ ತಲೆಯ ಮೇಲೆ ಹಾದಿದ್ದರೆ ಜಾಗವನ್ನೇ ಬದಲಿಸಬೇಕು. ಟೆರೇಸಾದರೆ ಇಂಜಿನಿಯರರನ್ನೂ ಕೇಳಬೇಕು: ಬರೀ ನೀರೇ 1.2 ಟನ್.

ಕೆಲಸ ಲೈಸೆನ್ಸ್ ಪಡೆದ ಕಂಟ್ರಾಕ್ಟರಿನದಾಗಿರಲಿ. ನೀರು ತುಂಬುವ ಮೊದಲು ಮೆಗ್ಗರಿನಿಂದ ಇನ್ಸುಲೇಷನ್ ಪರೀಕ್ಷೆ, ಅರ್ಥ್ ರೋಧದ ಅಳತೆ, ಆರ್‌ಸಿಸಿಬಿಯ ಟ್ರಿಪ್ ಪರೀಕ್ಷೆ ಮೂರೂ ಮುಗಿದು, ಅಂಕಿಗಳು ಕಾಗದದ ಮೇಲೆ ಸಹಿಯೊಂದಿಗೆ ಕೈಸೇರಬೇಕು. ಆಮೇಲೆ ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಿಸುವವರೆಗೆ ಟಬ್ಬಿಗೆ ಯಾರೂ ಇಳಿಯಬಾರದು.