ಗ್ರಾಮೆಟ್ ಹಾಕಿದ ಕಿವಿ ಸೋರಿದರೆ

ಪ್ರಶ್ನೆ: ನಾಲ್ಕು ವರ್ಷದ ಮಗನ ಕಿವಿಗೆ ಗ್ರಾಮೆಟ್ ಹಾಕಿಸಿ ಎರಡು ತಿಂಗಳಾಯಿತು. ನೆಗಡಿಯಾದ ಮೇಲೆ ಕಿವಿ ಸೋರುತ್ತಿದೆ. ಆಪರೇಷನ್ ಕೆಟ್ಟಿತೇ?

ಉತ್ತರ: ಇಲ್ಲ, ಗಾಬರಿಯಾಗಬೇಡಿ. ಗ್ರಾಮೆಟ್ ಹಾಕಿಸಿಕೊಂಡ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೊಂದರೆಯೇ ಇದು. ಒಳಗಿನ ಸೋಂಕಿನ ಕೀವು ಗ್ರಾಮೆಟ್ ಎಂಬ, ಕಿವಿಯ ತಮಟೆಯಲ್ಲಿ ಕೂರಿಸಿದ ಪುಟ್ಟ ನಳಿಕೆಯ ಮೂಲಕ ಹೊರಬರುತ್ತಿದೆ. ಸಾಮಾನ್ಯವಾಗಿ ಇಎನ್‌ಟಿ ವೈದ್ಯರು ಬರೆದುಕೊಡುವ ಆ್ಯಂಟಿಬಯಾಟಿಕ್ ಹನಿಗಳೇ ಸಾಕು. ಮನೆಯಲ್ಲಿ ಉಳಿದಿರುವ ಹಳೆಯ ಹನಿ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ, ಇಯರ್‌ಬಡ್ ಬೇಡವೇ ಬೇಡ. ಜ್ವರ ಬಂದರೆ ಅಥವಾ ಕಿವಿಯ ಹಿಂದೆ ಊತ ಕಂಡರೆ ಅಂದೇ ತೋರಿಸಿ.

ನಳಿಕೆ ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ತಾನೇ ಉದುರುತ್ತದೆ. ಕೆಲವೇ ಮಕ್ಕಳಲ್ಲಿ ಕಿವಿಯ ತಮಟೆಯಲ್ಲಿ ಸಣ್ಣ ರಂಧ್ರ ಉಳಿಯಬಹುದು. ಅದು ಮುಚ್ಚಿಕೊಳ್ಳದಿದ್ದರೆ ಮುಂದೆ ಸರಿಪಡಿಸಬಹುದು. ಆದ್ದರಿಂದ ನಳಿಕೆ ಉದುರಿದ ಮೇಲೂ ತಪಾಸಣೆ, ಶ್ರವಣ ಪರೀಕ್ಷೆ ತಪ್ಪಿಸಬೇಡಿ.